ಐವಿಎಫ್ ನಡುವೆ ಸ್ಟೆಮ್ ಸೆಲ್ ದಾನದ ಕರೆ ಬಂದರೆ

ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಉಜ್ಜಿ, ಅರ್ಜಿ ತುಂಬಿ, ಸ್ಟೆಮ್ ಸೆಲ್ ದಾನಿಗಳ ಪಟ್ಟಿಗೆ ಹೆಸರು ಸೇರಿಸಿದ ಬಹಳಷ್ಟು ಜನರಿಗೆ ಆ ದಿನ ಮರೆತೇ ಹೋಗಿರುತ್ತದೆ. ಹೆಸರು ಕೊಟ್ಟಾಗ ವಯಸ್ಸು ಇಪ್ಪತ್ತೆರಡು, ಆ ಪಟ್ಟಿ ಇಟ್ಟಿರುವ ರಿಜಿಸ್ಟ್ರಿಯಿಂದ ಫೋನ್ ಬರುವಾಗ ಮೂವತ್ತೆರಡು. ಆ ಹತ್ತು ವರ್ಷಗಳಲ್ಲಿ ಮದುವೆಯಾಗಿದೆ, ಮಗುವಿಗಾಗಿ ಕಾದದ್ದಾಗಿದೆ, ಈಗ ದಿನಾ ಹೊಟ್ಟೆಗೆ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಇಂಜೆಕ್ಷನ್ ಬೀಳುತ್ತಿದೆ. ಸರಿಯಾಗಿ ಆ ಹೊತ್ತಿಗೇ, ‘ನಿಮ್ಮ ಎಚ್‌ಎಲ್‌ಎ (ಕೋಶಗಳ ಮೇಲಿನ ಗುರುತು) ಒಬ್ಬ ರೋಗಿಗೆ ಹೊಂದಿದೆ, ದಾನ ಮಾಡಲು ಸಿದ್ಧರಿದ್ದೀರಾ’ ಎಂದು ಕೇಳಿದರೆ ಏನು ಹೇಳಬೇಕು?

ಮೊದಲು ಒಂದು ಮಾತು. ಸಂತಾನ ಚಿಕಿತ್ಸೆ ಪಡೆದಿದ್ದೀರಿ ಎಂಬ ಒಂದೇ ಕಾರಣಕ್ಕೆ ದಾನಿಗಳ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕುವುದಿಲ್ಲ. ಹಳೆಯ ಕಾಲದ ಒಂದು ಹಾರ್ಮೋನ್ ಔಷಧ ಮಾತ್ರ ಇದಕ್ಕೆ ಅಪವಾದ, ಅದನ್ನು ಮುಂದೆ ನೋಡೋಣ. ಉಳಿದಂತೆ ಅಡ್ಡ ಬರುವುದು ಸಮಯ. ಚಿಕಿತ್ಸೆಯ ಕೆಲವು ವಾರಗಳಲ್ಲಿ ದಾನ ಸಾಧ್ಯವೇ ಇಲ್ಲ, ಕೆಲವು ತಿಂಗಳುಗಳಲ್ಲಿ ನಿರಾತಂಕವಾಗಿ ಸಾಧ್ಯ. ಯಾವುದು ಯಾವಾಗ ಎಂದು ತಿಳಿಯಬೇಕಾದರೆ ದಾನಿಯ ಮೈಯಲ್ಲಿ ಏನು ನಡೆಯುತ್ತದೆ, ಅದೇ ದಿನಗಳಲ್ಲಿ ರೋಗಿಯ ಮೈಯಲ್ಲಿ ಏನು ನಡೆಯುತ್ತದೆ ಎರಡೂ ಗೊತ್ತಿರಬೇಕು.

ದಾನ ಎಂದರೆ ಏನೇನು

ಇಲ್ಲಿ ಮಾತಾಡುತ್ತಿರುವುದು ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳ, ಅಂದರೆ ಆಕರಕೋಶಗಳ ಬಗ್ಗೆ. ಇವು ಮೂಳೆಯೊಳಗಿನ ಮಜ್ಜೆಯಲ್ಲಿರುತ್ತವೆ. ಅಂಡಾಣುವಿಗೂ ವೀರ್ಯಾಣುವಿಗೂ ಭ್ರೂಣಕ್ಕೂ ಇವಕ್ಕೂ ಸಂಬಂಧವಿಲ್ಲ. ‘ಸ್ಟೆಮ್ ಸೆಲ್ ಕೊಟ್ಟರೆ ನನ್ನ ಅಂಡಾಣು ಕಡಿಮೆಯಾಗುತ್ತದೆಯೇ’ ಎಂದು ಕೇಳುವವರು ಬಹಳ ಜನ. ಇಲ್ಲ, ಆಗುವುದಿಲ್ಲ.

ಇವನ್ನು ತೆಗೆಯುವ ದಾರಿ ಎರಡು. ಈಗ ಹೆಚ್ಚಾಗಿ ನಡೆಯುವುದು ರಕ್ತದಿಂದ ತೆಗೆಯುವ ವಿಧಾನ. ಜಿ-ಸಿಎಸ್‌ಎಫ್ ಎಂಬ ಔಷಧವನ್ನು (ಫಿಲ್‌ಗ್ರಾಸ್ಟಿಮ್ ಎಂದು ಬರೆದಿರುತ್ತಾರೆ) ದಾನಿಯ ತೂಕದ ಪ್ರತಿ ಕೆಜಿಗೆ ದಿನಕ್ಕೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ನಾಲ್ಕೈದು ದಿನ ಚರ್ಮದಡಿಗೆ ಕೊಡುತ್ತಾರೆ. 60 ಕೆಜಿ ತೂಕದವರಿಗೆ ದಿನಕ್ಕೆ 600 ಮೈಕ್ರೋಗ್ರಾಂ, ಅಂದರೆ 300ರ ಎರಡು ಸಿರಿಂಜ್. ಮಜ್ಜೆಯಲ್ಲಿ ಅಂಟಿಕೊಂಡಿದ್ದ ಸ್ಟೆಮ್ ಸೆಲ್‌ಗಳು ಇದರಿಂದ ಸಡಿಲವಾಗಿ ರಕ್ತಕ್ಕೆ ಇಳಿಯುತ್ತವೆ. ಜೊತೆಗೇ ಬಿಳಿ ರಕ್ತಕಣಗಳೂ ಏರುತ್ತವೆ; ಮಾಮೂಲಿನಲ್ಲಿ ಮೈಕ್ರೋಲೀಟರ್‌ಗೆ 4ರಿಂದ 11 ಸಾವಿರ ಇರುವುದು 30 ಸಾವಿರ ದಾಟುವುದು ಸಾಮಾನ್ಯ. 70 ಸಾವಿರದ ಹತ್ತಿರ ಬಂದರೆ ಔಷಧದ ಪ್ರಮಾಣ ಇಳಿಸುತ್ತಾರೆ. ಸೊಂಟ, ಬೆನ್ನು, ಎದೆಮೂಳೆಯಲ್ಲಿ ನೋವು, ತಲೆನೋವು, ಜ್ವರ ಬಂದು ಹೋದಂಥ ಸುಸ್ತು ಈ ದಿನಗಳಲ್ಲಿ ಇದ್ದೇ ಇರುತ್ತವೆ. ಐದನೆಯ ದಿನ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶ ಬೇರ್ಪಟ್ಟು, ಉಳಿದದ್ದು ಇನ್ನೊಂದು ಕೈಗೆ ವಾಪಸು ಬರುತ್ತದೆ. ನಾಲ್ಕೈದು ಗಂಟೆಯ ಕೆಲಸ. ಸಾಲದಿದ್ದರೆ ಮರುದಿನ ಮತ್ತೊಮ್ಮೆ.

ಇನ್ನೊಂದು ದಾರಿ ಅಸ್ಥಿಮಜ್ಜೆಯನ್ನೇ ತೆಗೆಯುವುದು. ಪೂರ್ತಿ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯ ಹಿಂಭಾಗದಿಂದ ಸೂಜಿಯಲ್ಲಿ ಎಳೆಯುತ್ತಾರೆ. ದಾನಿಯ ತೂಕದ ಪ್ರತಿ ಕೆಜಿಗೆ 20 ಮಿಲಿ ಮೀರದಂತೆ ನೋಡಿಕೊಳ್ಳುತ್ತಾರೆ. ಒಟ್ಟು ಸುಮಾರು ಒಂದು ಲೀಟರ್ ಆಸುಪಾಸು. ಇದರಿಂದ ಹಿಮೋಗ್ಲೋಬಿನ್ ಇಳಿಯುತ್ತದೆ. ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಕಬ್ಬಿಣಾಂಶ ತುಂಬಲು ಇನ್ನಷ್ಟು ಕಾಲ ಬೇಕು. ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಈ ಕಬ್ಬಿಣದ ಲೆಕ್ಕ ಸಣ್ಣದಲ್ಲ. ಮಜ್ಜೆ ಕೊಟ್ಟವರು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ) ಪರೀಕ್ಷೆ ಮಾಡಿಸಿಕೊಂಡು ಮುಂದಿನ ಹೆಜ್ಜೆ ಇಡುವುದು ಒಳ್ಳೆಯದು.

ರೋಗಿಯ ಕಡೆಯ ದಿನಗಣನೆ

ಸಂತಾನ ಚಿಕಿತ್ಸೆಯ ಬಗ್ಗೆ ರಿಜಿಸ್ಟ್ರಿ ಇಷ್ಟೊಂದು ಕೇಳುವುದೇಕೆ ಎಂಬುದು ಅರ್ಥವಾಗುವುದು ಈ ಲೆಕ್ಕ ನೋಡಿದಾಗ.

ದಾನಿಯ ಕೋಶಗಳು ರೋಗಿಯ ರಕ್ತನಾಳ ಸೇರುವ ದಿನವನ್ನು ಆಸ್ಪತ್ರೆಯಲ್ಲಿ ಸೊನ್ನೆ ದಿನ ಎನ್ನುತ್ತಾರೆ. ಅದಕ್ಕೂ ಆರೇಳು ದಿನ ಮೊದಲೇ ರೋಗಿಗೆ ಭಾರಿ ಪ್ರಮಾಣದ ಕೀಮೋ, ಕೆಲವೊಮ್ಮೆ ರೇಡಿಯೇಷನ್ ಶುರುವಾಗುತ್ತದೆ. ರೋಗಗ್ರಸ್ತ ಮಜ್ಜೆಯನ್ನು ನಾಶಮಾಡುವುದು ಅದರ ಉದ್ದೇಶ. ದಾನಿಯ ಕೋಶಗಳನ್ನು ತೆಗೆದು ಸಾಗಿಸಲು ಒಂದು ದಿನ ಹಿಡಿದರೆ, ದಾನಿಗೆ ಜಿ-ಸಿಎಸ್‌ಎಫ್‌ನ ಮೊದಲ ಇಂಜೆಕ್ಷನ್ ಬೀಳುವುದು ಸೊನ್ನೆ ದಿನಕ್ಕೆ ಸುಮಾರು ಐದು ದಿನ ಮೊದಲು. ಅಂದರೆ ದಾನಿ ಮೊದಲ ಸೂಜಿ ಚುಚ್ಚಿಸಿಕೊಳ್ಳುವಷ್ಟರಲ್ಲಿ ರೋಗಿಯ ಮಜ್ಜೆ ನಾಶವಾಗುತ್ತಿರುತ್ತದೆ. ಆಗ ದಾನ ನಿಂತರೆ ರೋಗಿಗೆ ಸ್ವಂತ ಮಜ್ಜೆಯೂ ಇಲ್ಲ, ದಾನಿಯದೂ ಇಲ್ಲ. ಆತ ಬದುಕುವ ಸಾಧ್ಯತೆ ತೀರಾ ಕಡಿಮೆ.

ಈಗ ಇದರ ಪಕ್ಕಕ್ಕೆ ಐವಿಎಫ್ ದಿನಗಣನೆ ಇಟ್ಟು ನೋಡಿ. ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲಿ ಗರ್ಭ ನಿಂತಿದೆಯೇ ಎಂದು ನಂಬಿಕೆಯಿಂದ ಹೇಳಲು ಸುಮಾರು 9ರಿಂದ 12 ದಿನ ಬೇಕು. ಭ್ರೂಣ ಬಿಟ್ಟ ಐದನೆಯ ದಿನ ಪರೀಕ್ಷೆ ಮಾಡಿದರೆ ಫಲಿತಾಂಶ ನೆಗೆಟಿವ್ ಬರಬಹುದು, ಗರ್ಭ ಮಾತ್ರ ನಿಂತಿರಬಹುದು. ಆ ನೆಗೆಟಿವ್ ನಂಬಿ ರೋಗಿಯ ಕೀಮೋ ಶುರುಮಾಡಿದರೆ, ಎಂಟು ದಿನದ ನಂತರ ಕತೆಯೇ ಬೇರೆಯಾಗುತ್ತದೆ. ಗರ್ಭಿಣಿಗೆ ಜಿ-ಸಿಎಸ್‌ಎಫ್ ಕೊಟ್ಟು ದಾನ ಪಡೆಯುವುದನ್ನು ಯಾವ ರಿಜಿಸ್ಟ್ರಿಯೂ ಒಪ್ಪುವುದಿಲ್ಲ. ಯಾರಿಗೋ ಒಳಿತಾಗಲೆಂದು ಆರೋಗ್ಯವಂತ ತಾಯಿಯನ್ನೂ ಭ್ರೂಣವನ್ನೂ ಅಪಾಯಕ್ಕೆ ಒಡ್ಡುವಂತಿಲ್ಲ. ಅರಿವಳಿಕೆ ಕೊಟ್ಟು ಮಜ್ಜೆ ತೆಗೆಯುವುದೂ ಆಗದು. ಆದ್ದರಿಂದ ಭ್ರೂಣ ವರ್ಗಾವಣೆಯಿಂದ ಫಲಿತಾಂಶ ತಿಳಿಯುವವರೆಗಿನ ಎರಡು ವಾರ ದಾನದ ಮಟ್ಟಿಗೆ ಪೂರ್ತಿ ಮುಚ್ಚಿದ ಬಾಗಿಲು. ಇದಕ್ಕೆ ರಿಯಾಯಿತಿ ಕೇಳಬೇಡಿ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಅಂಡಾಣು ಪಕ್ವವಾಗಲೆಂದು ಕೊಡುವ ಟ್ರಿಗರ್ ಇಂಜೆಕ್ಷನ್‌ನಲ್ಲಿ ಬಹಳ ಸಲ ಇರುವುದು ಎಚ್‌ಸಿಜಿ. ಗರ್ಭಪರೀಕ್ಷೆ ಹುಡುಕುವುದೂ ಈ ಹಾರ್ಮೋನನ್ನೇ. 5,000ದಿಂದ 10,000 ಯೂನಿಟ್ ಚುಚ್ಚಿಸಿಕೊಂಡ ಮೇಲೆ ಹತ್ತು ದಿನ, ಕೆಲವರಲ್ಲಿ ಎರಡು ವಾರದವರೆಗೂ ಗರ್ಭ ಇಲ್ಲದೆಯೇ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ದಾನಕ್ಕೆ ಮುಂಚಿನ ತಪಾಸಣೆಯಲ್ಲಿ ಇದು ಬಂದು, ಟ್ರಿಗರ್ ಆಗಿದೆ ಎಂಬುದನ್ನು ದಾನಿ ಹೇಳದೆ ಇದ್ದರೆ, ಅಷ್ಟಕ್ಕೇ ರೋಗಿಯ ಇಡೀ ಯೋಜನೆ ನಿಲ್ಲುತ್ತದೆ. ಇಂಜೆಕ್ಷನ್ ಹೆಸರು, ಪ್ರಮಾಣ, ಕೊಟ್ಟ ದಿನಾಂಕ ಈ ಮೂರನ್ನು ಬರೆದಿಟ್ಟುಕೊಂಡಿದ್ದರೆ ಈ ಗೊಂದಲ ಬರುವುದಿಲ್ಲ.

ಚಿಕಿತ್ಸೆಯ ಯಾವ ಹಂತದಲ್ಲಿದ್ದೀರಿ

ಪರೀಕ್ಷೆಗಳಷ್ಟೇ ನಡೆದಿವೆ, ಎಎಂಎಚ್ (ಉಳಿದ ಅಂಡಾಣುಗಳನ್ನು ಅಂದಾಜಿಸುವ ರಕ್ತಪರೀಕ್ಷೆ), ಥೈರಾಯಿಡ್, ಸ್ಕ್ಯಾನ್ ಆಗಿದೆ, ಇನ್ನೂ ಔಷಧ ಶುರುವಾಗಿಲ್ಲ ಎಂದಾದರೆ ದಾನಕ್ಕೆ ಯಾವ ಅಡ್ಡಿಯೂ ಇಲ್ಲ. ದಾನ ಮುಗಿಯುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಅಷ್ಟೆ. ಮಗುವಿಗಾಗಿ ತಿಂಗಳು ತಿಂಗಳು ಕಾಯುತ್ತಿರುವವರಿಗೆ ‘ಗರ್ಭನಿರೋಧಕ ಬಳಸಿ’ ಎಂಬ ಮಾತು ಎಷ್ಟು ಚುಚ್ಚುತ್ತದೆ ಎಂಬುದು ಅವರಿಗೇ ಗೊತ್ತು. ಹಾಗಾಗಿ ಒಪ್ಪಿಕೊಳ್ಳುವ ಮೊದಲೇ ಎಷ್ಟು ವಾರ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಪೂರ್ಣ ತಪಾಸಣೆಗೆ ಒಪ್ಪಿದ ದಿನದಿಂದ ದಾನದವರೆಗೆ ಸಾಮಾನ್ಯವಾಗಿ ಒಂದೆರಡು ತಿಂಗಳು. ರೋಗಿಯ ಸ್ಥಿತಿ ಏರುಪೇರಾದರೆ ದಿನಾಂಕ ಮುಂದೆ ಹೋಗುವುದೂ ಉಂಟು.

ಲೆಟ್ರೊಜೋಲ್ ಅಥವಾ ಕ್ಲೋಮಿಫೀನ್ ಮಾತ್ರೆ ನಡೆದಿದ್ದರೆ, ಇದು ಅಂಡಾಣು ಬೆಳೆಯಲೆಂದು ಮುಟ್ಟಿನ ಮೊದಲ ದಿನಗಳಲ್ಲಿ ಐದು ದಿನ ನುಂಗುವ ಔಷಧ. ಮಾತ್ರೆ ದಾನಕ್ಕೆ ತೊಂದರೆ ಮಾಡುವುದಕ್ಕಿಂತ ಆ ತಿಂಗಳು ಗರ್ಭ ನಿಲ್ಲುವ ಸಾಧ್ಯತೆಯೇ ಇಲ್ಲಿನ ವಿಷಯ. ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಆಗಿದ್ದರೂ ಇದೇ ಮಾತು: ಮುಟ್ಟು ಬರುವವರೆಗೆ ಅಥವಾ ರಕ್ತಪರೀಕ್ಷೆ ಆಗುವವರೆಗೆ ಕಾಯಬೇಕು. ಒಂದು ಸುತ್ತು ಬಿಟ್ಟು ದಾನ ಮಾಡಿ ಮತ್ತೆ ಮುಂದುವರಿಸಿದರೆ ಚಿಕಿತ್ಸೆಗೆ ದೊಡ್ಡ ನಷ್ಟವಿಲ್ಲ.

ಅಂಡಾಶಯ ಪ್ರಚೋದಿಸುವ ಇಂಜೆಕ್ಷನ್‌ಗಳ ಹಂತ ನಿಜಕ್ಕೂ ಅಪಾಯದ್ದು. ಎಫ್‌ಎಸ್‌ಎಚ್ ಅಥವಾ ಎಚ್‌ಎಂಜಿ ಎಂಬ ಹಾರ್ಮೋನ್ 8ರಿಂದ 14 ದಿನ ನಡೆಯುತ್ತದೆ. ಒಂದು ಅಂಡಾಣು ಬೆಳೆಯುವ ಜಾಗದಲ್ಲಿ ಹತ್ತು ಹದಿನೈದು ಬೆಳೆಯುತ್ತವೆ, ಈಸ್ಟ್ರೊಜನ್ ಮಟ್ಟ ಸಹಜ ತಿಂಗಳಿನ ಹಲವು ಪಟ್ಟು ಏರುತ್ತದೆ. ಈಸ್ಟ್ರೊಜನ್ ಏರಿದಷ್ಟೂ ರಕ್ತ ಹೆಪ್ಪುಗಟ್ಟುವ ಒಲವು ಹೆಚ್ಚು. ಅದರ ಮೇಲೆ ಜಿ-ಸಿಎಸ್‌ಎಫ್ ಬಿದ್ದರೆ ಬಿಳಿಕಣಗಳು ನಾಲ್ಕೈದು ಪಟ್ಟಾಗುತ್ತವೆ, ಆ ಔಷಧವೂ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುತ್ತದೆ. ಕೈಯ ನಾಳ ಸಣ್ಣದಾಗಿ ಕುತ್ತಿಗೆಗೋ ತೊಡೆಸಂದಿಗೋ ದೊಡ್ಡ ನಳಿಗೆ ಹಾಕಬೇಕಾದರೆ ಅಪಾಯ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತದೆ. ಒಂದೊಂದೇ ಇದ್ದರೆ ತಡೆದುಕೊಳ್ಳಬಹುದಾದದ್ದನ್ನು ಮೂರೂ ಒಟ್ಟಿಗೆ ಒಬ್ಬ ಆರೋಗ್ಯವಂತ ಹೆಣ್ಣಿನ ಮೇಲೆ ಹೇರಲು ಯಾವ ವೈದ್ಯರಿಗೂ ಮನಸ್ಸಾಗಬಾರದು.

ಓಎಚ್‌ಎಸ್‌ಎಸ್ ಎಂಬ ತೊಡಕು ಬೇರೆ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ರಕ್ತನಾಳಗಳಿಂದ ನೀರು ಹೊಟ್ಟೆಗೆ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಮೂತ್ರ ಕಡಿಮೆಯಾಗುತ್ತದೆ. ತೀವ್ರವಾದಾಗ ಬಿಳಿ ರಕ್ತಕಣವೂ ಏರುತ್ತದೆ. ಜಿ-ಸಿಎಸ್‌ಎಫ್ ಕೂಡ ಅದನ್ನೇ ಏರಿಸುವುದರಿಂದ ಯಾವುದು ಯಾವುದರಿಂದ ಎಂದು ಹೇಳಲಾಗದ ಸ್ಥಿತಿ ಬರುತ್ತದೆ. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ತುಂಬುವ ಹಾರ್ಮೋನ್ ತೊಂದರೆ) ಇರುವವರಲ್ಲಿ, ಎಎಂಎಚ್ ಹೆಚ್ಚಿರುವವರಲ್ಲಿ, ವಯಸ್ಸು ಕಡಿಮೆ ಇರುವವರಲ್ಲಿ ಓಎಚ್‌ಎಸ್‌ಎಸ್ ಜಾಸ್ತಿ. ರಿಜಿಸ್ಟ್ರಿಗೆ ಹೆಚ್ಚು ಬೇಕಾಗುವವರೂ ಚಿಕ್ಕ ವಯಸ್ಸಿನ ದಾನಿಗಳೇ.

ಅಂಡಾಣು ತೆಗೆದ ಮೇಲೆ ಅಂಡಾಶಯ ಮೊದಲಿನ ಗಾತ್ರಕ್ಕೆ ಬರಲು ಕೆಲವು ವಾರ ಬೇಕು. ಊದಿಕೊಂಡ ಅಂಡಾಶಯ ತಿರುಚಿಕೊಳ್ಳುವ ಅಪಾಯವೂ ಇರುತ್ತದೆ. ಹೀಗಾಗಿ ಕನಿಷ್ಠ ಒಂದು ಸಹಜ ಮುಟ್ಟು ಆಗಿ, ಹೊಟ್ಟೆಯ ಉಬ್ಬರ ಇಳಿದ ಮೇಲಷ್ಟೇ ದಾನದ ತಪಾಸಣೆಗೆ ಹೋಗುವುದು ಸರಿ.

ಇದನ್ನು ತಿರುಗಿಸಿ ‘ಮೊದಲು ಸ್ಟೆಮ್ ಸೆಲ್ ಕೊಟ್ಟು ಮರುವಾರವೇ ಅಂಡಾಣು ತೆಗೆಸೋಣ’ ಎಂದರೂ ನಡೆಯುವುದಿಲ್ಲ. ರಕ್ತದಿಂದ ಕೋಶ ಬೇರ್ಪಡಿಸುವ ಯಂತ್ರ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನೂ ಎಳೆದುಕೊಳ್ಳುತ್ತದೆ. ದಾನದ ಮರುದಿನ ಪ್ಲೇಟ್‌ಲೆಟ್ ಎಣಿಕೆ ಗಣನೀಯವಾಗಿ ಇಳಿದಿರುತ್ತದೆ, ಮೊದಲಿನ ಮಟ್ಟಕ್ಕೆ ಬರಲು ಒಂದೆರಡು ವಾರ ಹಿಡಿಯುತ್ತದೆ. ಅಂಡಾಣು ತೆಗೆಯುವುದು ಯೋನಿಯ ಗೋಡೆ ದಾಟಿ ಅಂಡಾಶಯಕ್ಕೆ ಸೂಜಿ ಹಾಕಿ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಒಳಗೆ ರಕ್ತ ಸೋರಿದರೆ ಹೊರಗಿನಿಂದ ಒತ್ತಿ ಹಿಡಿಯಲು ಅಲ್ಲಿ ದಾರಿಯಿಲ್ಲ.

ಎರಡು ಚಿಕಿತ್ಸೆಯ ನಡುವೆ ದಾನಕ್ಕೆ ಅತ್ಯಂತ ಅನುಕೂಲವಾದ ಜಾಗ ಒಂದಿದೆ. ಅಂಡಾಣು ತೆಗೆದು, ಭ್ರೂಣ ಮಾಡಿ, ಎಲ್ಲವನ್ನೂ ಫ್ರೀಜ್ ಮಾಡಿಟ್ಟ ನಂತರದ ಅವಧಿ ಅದು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿರುವ ಭ್ರೂಣಕ್ಕೆ ಒಂದು ತಿಂಗಳೂ ಆರು ತಿಂಗಳೂ ಒಂದೇ. ಅಂಡಾಶಯ ತಣ್ಣಗಾಗಿದೆ, ಹಾರ್ಮೋನ್ ಇಳಿದಿದೆ, ಗರ್ಭ ನಿಂತಿಲ್ಲ ಎಂಬುದು ಖಚಿತ. ಫ್ರೋಜನ್ ಭ್ರೂಣ ಬಿಡುವ ತಯಾರಿಗೆ ಈಸ್ಟ್ರಡಯಾಲ್ ಮಾತ್ರೆ (ಸಾಮಾನ್ಯವಾಗಿ ದಿನಕ್ಕೆ 6 ಮಿಗ್ರಾಂ) ಶುರುವಾಗುವ ಮೊದಲು ದಾನ ಮುಗಿಸಿಕೊಂಡರೆ ಎರಡೂ ಸಾಗುತ್ತವೆ. ರಿಜಿಸ್ಟ್ರಿಯವರು ಕರೆದಾಗ ನಿಮ್ಮ ಭ್ರೂಣಗಳು ಫ್ರೀಜರ್‌ನಲ್ಲಿವೆ ಎಂದಾದರೆ, ಅದನ್ನು ಮೊದಲ ಮಾತಿನಲ್ಲೇ ಹೇಳಿ.

ಗರ್ಭ ನಿಂತಿದ್ದರೆ ಹೆರಿಗೆಯವರೆಗೆ ದಾನವಿಲ್ಲ. ಹೆರಿಗೆಯ ನಂತರವೂ ತಿಂಗಳುಗಟ್ಟಲೆ, ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷ, ಜೊತೆಗೆ ಎದೆಹಾಲು ಕುಡಿಸುವ ಕಾಲದುದ್ದಕ್ಕೂ ಹೆಸರು ತಡೆಹಿಡಿದಿರುತ್ತಾರೆ. ನಿಖರ ಅವಧಿ ಆಯಾ ರಿಜಿಸ್ಟ್ರಿಯ ನಿಯಮದಲ್ಲಿರುತ್ತದೆ. ಗರ್ಭ ಜಾರಿಹೋದರೆ ಎಷ್ಟು ವಾರದ್ದು, ರಕ್ತ ಎಷ್ಟು ಹೋಗಿದೆ, ಡಿ ಅಂಡ್ ಸಿ (ಗರ್ಭಕೋಶ ಶುಚಿಗೊಳಿಸುವುದು) ಆಗಿದೆಯೇ ಎಂಬುದರ ಮೇಲೆ ಕಾಯುವ ಕಾಲ ನಿಲ್ಲುತ್ತದೆ. ಮನಸ್ಸು ಸುಧಾರಿಸಿಕೊಳ್ಳಲು ಬೇಕಾದ ಕಾಲವನ್ನೂ ಇದರಲ್ಲಿ ಸೇರಿಸಿಯೇ ಹೇಳಿ. ಅದು ಸಂಕೋಚಪಡುವ ವಿಷಯವಲ್ಲ.

ಜೊತೆಗೆ ಕೊಡುವ ಔಷಧಗಳು

ಐವಿಎಫ್ ಚೀಟಿಯಲ್ಲಿ ಮುಖ್ಯ ಔಷಧದ ಕೆಳಗೆ ಇನ್ನೂ ನಾಲ್ಕಾರು ಇರುತ್ತವೆ. ದಾನಿಗಳು ಹೇಳಲು ಮರೆಯುವುದು ಇವನ್ನೇ.

ದಿನಕ್ಕೆ 75 ಅಥವಾ 100 ಮಿಗ್ರಾಂ ಆಸ್ಪಿರಿನ್ ಇದ್ದರೆ ಪ್ಲೇಟ್‌ಲೆಟ್ ಕೆಲಸ ಕುಂದುತ್ತದೆ, ಅದರ ಪರಿಣಾಮ ಸುಮಾರು ಒಂದು ವಾರ ಉಳಿಯುತ್ತದೆ. ಹೆಪಾರಿನ್ ವರ್ಗದ ಇಂಜೆಕ್ಷನ್ ನಡೆಯುತ್ತಿದ್ದರೆ ‘ಯಾಕೆ ಕೊಟ್ಟರು’ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನಂಥ, ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ ಇರುವುದಕ್ಕೇ ಕೊಟ್ಟಿದ್ದರೆ ದಾನಕ್ಕೆ ಒಪ್ಪುವುದಿಲ್ಲ. ಮುನ್ನೆಚ್ಚರಿಕೆಗೆಂದು ಕೊಟ್ಟಿದ್ದರೆ ನಿಲ್ಲಿಸಿದ ಮೇಲೆ ನೋಡುತ್ತಾರೆ. ಮೆಟ್‌ಫಾರ್ಮಿನ್, ಥೈರಾಕ್ಸಿನ್, ಫೋಲಿಕ್ ಆಸಿಡ್ ಸಾಮಾನ್ಯವಾಗಿ ತೊಂದರೆಯಿಲ್ಲ.

ಮರುಕಳಿಸುವ ಗರ್ಭಪಾತಕ್ಕೆಂದು ಐವಿಐಜಿ ಹಾಕಿಸಿಕೊಂಡವರು ಒಂದು ವಿಷಯ ತಿಳಿದಿರಬೇಕು. ಅದು ಸಾವಿರಾರು ಜನರ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳ ಮಿಶ್ರಣ. ಅವರ ಪ್ರತಿಕಾಯಗಳು ನಿಮ್ಮ ರಕ್ತದಲ್ಲಿ ಕೆಲವು ತಿಂಗಳು ಓಡಾಡುತ್ತಿರುತ್ತವೆ. ಹೆಪಟೈಟಿಸ್ ಬಿ ಪರೀಕ್ಷೆಯಲ್ಲಿ ಕೋರ್ ಪ್ರತಿಕಾಯ ಪಾಸಿಟಿವ್ ಬಂದರೆ ಅದು ನಿಮ್ಮದಲ್ಲದೆ ಐವಿಐಜಿಯಿಂದ ಬಂದದ್ದಿರಬಹುದು. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಲಿಂಫೋಸೈಟ್ ಚಿಕಿತ್ಸೆ ಆಗಿದ್ದರೆ ಅದನ್ನು ಬೇರೆಯವರ ರಕ್ತ ಪಡೆದಂತೆಯೇ ಲೆಕ್ಕ ಹಿಡಿಯುತ್ತಾರೆ, ತಪ್ಪದೆ ಹೇಳಬೇಕು.

ಕುತೂಹಲದ ಸಂಗತಿ ಎಂದರೆ ಜಿ-ಸಿಎಸ್‌ಎಫ್ ಅನ್ನೇ ಕೆಲವು ಫರ್ಟಿಲಿಟಿ ಕೇಂದ್ರಗಳು ಬಳಸುತ್ತವೆ: ಗರ್ಭಕೋಶದ ಒಳಪದರ ತೆಳುವಾಗಿದ್ದಾಗ, ಭ್ರೂಣ ಪದೇ ಪದೇ ಕಚ್ಚಿಕೊಳ್ಳದಿದ್ದಾಗ, ಕಾರಣ ತಿಳಿಯದ ಗರ್ಭಪಾತಗಳಾದಾಗ. ಗರ್ಭಪಾತದ ವಿಷಯದಲ್ಲಿ 150 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಲಾಭ ಕಂಡಿಲ್ಲ. ‘ಅಲ್ಲಿ ಗರ್ಭಿಣಿಗೇ ಕೊಡುತ್ತಾರಲ್ಲ, ಇಲ್ಲೇಕೆ ಬೇಡ’ ಎಂದು ಕೇಳುವವರಿಗೆ ಉತ್ತರ ಪ್ರಮಾಣದಲ್ಲಿದೆ. ಆ ಪ್ರಯೋಗದಲ್ಲಿ ದಿನಕ್ಕೆ 130 ಮೈಕ್ರೋಗ್ರಾಂ. ದಾನದಲ್ಲಿ 60 ಕೆಜಿಯವರಿಗೆ 600. ಅಲ್ಲಿ ಕೊಡುವುದು ಆಕೆಯ ಗರ್ಭ ಉಳಿಸಲೆಂದು, ಇಲ್ಲಿ ಆಕೆಗೆ ದೇಹದ ಲಾಭ ಏನೂ ಇಲ್ಲ. ಲಾಭವಿಲ್ಲದ ಕಡೆ ಅಪಾಯದ ಮಿತಿಯೂ ಸಣ್ಣದಿರಬೇಕು. ನಿಮಗೆ ಹಿಂದೆ ಈ ಔಷಧ ಕೊಟ್ಟಿದ್ದರೆ ಯಾವಾಗ, ಎಷ್ಟು, ಏನಾದರೂ ಅಲರ್ಜಿ ಆಯಿತೇ ಎಂದು ರಿಜಿಸ್ಟ್ರಿ ವೈದ್ಯರಿಗೆ ತಿಳಿಸಿ.

ಇನ್ನು ಶಾಶ್ವತವಾಗಿ ಅನರ್ಹಗೊಳಿಸುವ ಆ ಹಳೆಯ ಔಷಧ. ಮೃತರ ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಗೊನಡೊಟ್ರೋಪಿನ್ ಅನ್ನು ಒಂದು ಕಾಲದಲ್ಲಿ ಬಂಜೆತನಕ್ಕೆ ಕೊಡುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಇದು 1967ರಿಂದ 1985ರವರೆಗೆ ನಡೆಯಿತು. ಅದರ ಮೂಲಕ ಸಿಜೆಡಿ ಎಂಬ ಮಾರಕ ಮಿದುಳು ರೋಗ ಹರಡಿ ಕೆಲವರು ತೀರಿಕೊಂಡರು. ಅದನ್ನು ಪಡೆದವರು ರಕ್ತ ಕೊಡುವಂತಿಲ್ಲ, ಸ್ಟೆಮ್ ಸೆಲ್ ಕೂಡ. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೂ ಈಗ ಅರವತ್ತು ದಾಟಿದೆಯಾದ್ದರಿಂದ ಇಂದಿನ ರಿಜಿಸ್ಟ್ರಿ ದಾನಿಗಳಿಗೆ ಇದು ಬಹುತೇಕ ತಗಲುವುದಿಲ್ಲ. ಈಗಿನ ಎಚ್‌ಎಂಜಿ ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ ಶುದ್ಧೀಕರಿಸಿದ್ದು, ಎಫ್‌ಎಸ್‌ಎಚ್ ಬಹುಪಾಲು ಪ್ರಯೋಗಾಲಯದಲ್ಲಿ ತಯಾರಾದದ್ದು. ಹೆಸರು ಒಂದೇ ಥರ ಕೇಳಿಸುತ್ತದೆಂದು ಗಾಬರಿಯಾಗಬೇಡಿ.

ಬಂಜೆತನದ ಕಾರಣವೇ ಮುಖ್ಯವಾದಾಗ

ಚಿಕಿತ್ಸೆಗಿಂತ ಅದರ ಹಿಂದಿನ ಕಾರಣ ದಾನಕ್ಕೆ ಅಡ್ಡಿಯಾಗುವುದುಂಟು. ಪಿಸಿಓಎಸ್, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಗರ್ಭನಳಿಕೆ ಮುಚ್ಚಿರುವುದು ಇವುಗಳಿಂದ ತೊಂದರೆಯಿಲ್ಲ. ಲ್ಯಾಪ್ರೊಸ್ಕೋಪಿ ಆಗಿದ್ದರೆ ಗಾಯ ಮಾಯಬೇಕು ಅಷ್ಟೆ. ನಳಿಕೆ ಮುಚ್ಚಿದ್ದು ಕ್ಷಯದಿಂದ ಎಂದಾದರೆ ಔಷಧ ಪೂರ್ತಿಯಾಗುವವರೆಗೆ ದಾನವಿಲ್ಲ. ಲೂಪಸ್‌ನಂತಹ ಸ್ವಯಂನಿರೋಧಕ (ದೇಹದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ) ಕಾಯಿಲೆಯಿದ್ದರೆ ಜಿ-ಸಿಎಸ್‌ಎಫ್ ಅದನ್ನು ಕೆರಳಿಸಬಹುದು.

ವರ್ಣತಂತುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪದೇ ಪದೇ ಗರ್ಭಪಾತವಾದ ದಂಪತಿಗೆ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿಸುತ್ತಾರೆ. ನೂರು ದಂಪತಿಗಳಲ್ಲಿ ಮೂರರಿಂದ ಐದರಲ್ಲಿ ಒಬ್ಬರಿಗೆ ವರ್ಣತಂತುವಿನ ತುಂಡುಗಳು ಜಾಗ ಅದಲುಬದಲಾಗಿರುವುದು ಕಾಣುತ್ತದೆ. ಒಟ್ಟು ಪ್ರಮಾಣ ಸರಿಯಾಗಿಯೇ ಇರುವುದರಿಂದ ಅವರ ಆರೋಗ್ಯಕ್ಕೆ ಏನೂ ಆಗಿರುವುದಿಲ್ಲ. ಆದರೆ ಅವರು ಸ್ಟೆಮ್ ಸೆಲ್ ಕೊಟ್ಟರೆ ರೋಗಿಯ ಮೈಯಲ್ಲಿ ಬೆಳೆಯುವ ಹೊಸ ರಕ್ತದ ಪ್ರತಿ ಕೋಶದಲ್ಲೂ ಅದೇ ಅದಲುಬದಲು ಇರುತ್ತದೆ. ರಕ್ತದ ಕ್ಯಾನ್ಸರ್‌ಗಳನ್ನು ಗುರುತಿಸುವುದೂ ಬಹಳ ಸಲ ಇಂಥ ಅದಲುಬದಲುಗಳಿಂದಲೇ. ಕಸಿಯಾದ ಮೂರು ತಿಂಗಳಿಗೆ ರೋಗಿಯ ಮಜ್ಜೆ ಪರೀಕ್ಷಿಸಿದ ಲ್ಯಾಬಿನವರು ‘ಹೊಸ ವರ್ಣತಂತು ದೋಷ’ ಎಂದು ಬರೆದರೆ, ಕಾಯಿಲೆ ಮರಳಿತೆಂದು ಎಲ್ಲರೂ ಬೆಚ್ಚುತ್ತಾರೆ. ನಿಮ್ಮ ಕ್ಯಾರಿಯೋಟೈಪ್ ವರದಿಯ ಒಂದು ಪ್ರತಿ ಮೊದಲೇ ಕೊಟ್ಟಿದ್ದರೆ, ಬೇರೆ ದಾನಿ ಇದ್ದಾರೆಯೇ ನೋಡುತ್ತಾರೆ, ಇಲ್ಲದಿದ್ದರೆ ತಿಳಿದೇ ಮುಂದುವರಿಯುತ್ತಾರೆ.

ಅವಧಿಗೆ ಮುನ್ನವೇ ಅಂಡಾಶಯ ಸೋತಿರುವುದು, ವೀರ್ಯಾಣುಗಳೇ ಇಲ್ಲದಿರುವುದು ಅಪರೂಪಕ್ಕೆ ಫಾಂಕೋನಿ ಅನೀಮಿಯಾದಂಥ ಆನುವಂಶಿಕ ಮಜ್ಜೆ ದೋಷದ ಮೊದಲ ಸುಳಿವೂ ಆಗಿರಬಹುದು. ರೋಗಿ ನಿಮ್ಮ ಒಡಹುಟ್ಟಿದವರೇ ಆಗಿದ್ದು, ಅವರ ಮಜ್ಜೆ ಸೋತಿದ್ದರೆ ಈ ಮಾಹಿತಿಗೆ ತೂಕ ಬಹಳ.

ಅರ್ಜಿಯಲ್ಲಿ ‘ಎಷ್ಟು ಸಲ ಗರ್ಭಿಣಿಯಾಗಿದ್ದೀರಿ’ ಎಂಬ ಪ್ರಶ್ನೆ ಕೆಲವರನ್ನು ನೋಯಿಸುತ್ತದೆ. ಅದರ ಕಾರಣ ಇಷ್ಟು: ಗರ್ಭದಲ್ಲಿರುವ ಮಗುವಿನ ಎಚ್‌ಎಲ್‌ಎ ಗುರುತುಗಳಿಗೆ ತಾಯಿಯ ರೋಗನಿರೋಧಕ ವ್ಯವಸ್ಥೆ ಸ್ಪಂದಿಸಿ ನೆನಪಿಟ್ಟುಕೊಳ್ಳುತ್ತದೆ. ಅಂಥ ದಾನಿಯ ಕೋಶಗಳು ರೋಗಿಯ ಅಂಗಾಂಗಗಳ ಮೇಲೆ ತಿರುಗಿಬೀಳುವ ದೀರ್ಘಕಾಲಿಕ ಜಿವಿಎಚ್‌ಡಿ, ವಿಶೇಷವಾಗಿ ರೋಗಿ ಗಂಡಸಾಗಿದ್ದಾಗ, ಹೆಚ್ಚು. ಪೂರ್ಣಾವಧಿ ತಲುಪದ ಗರ್ಭಗಳನ್ನೂ ಹೇಳಿ. ಅದರಿಂದ ನೀವು ಅನರ್ಹರಾಗುವುದಿಲ್ಲ. ಒಂದೇ ರೀತಿ ಹೊಂದುವ ಇಬ್ಬರು ದಾನಿಗಳಿದ್ದರೆ ಯಾರನ್ನು ಆರಿಸಬೇಕೆಂದು ತಿಳಿಯಲು ಆ ಮಾಹಿತಿ ಬೇಕು.

ಗಂಡಸರಿಗೆ

ಪತ್ನಿಗೆ ಐವಿಎಫ್ ನಡೆದಿರುವಾಗ ಪತಿ ದಾನ ಮಾಡಲು ದೊಡ್ಡ ಅಡ್ಡಿಯೇನಿಲ್ಲ. ಎಚ್ಚರ ವಹಿಸಬೇಕಾದದ್ದು ದಿನಾಂಕದಲ್ಲಿ. ಅಂಡಾಣು ತೆಗೆಯುವ ದಿನವೇ ವೀರ್ಯದ ಮಾದರಿ ಬೇಕು. ಆ ದಿನ ನೀವು ಬೇರೆ ಊರಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಜೋಡಿಸಿಕೊಂಡು ಮಲಗಿದ್ದರೆ ಏನು ಗತಿ? ಮುಂಚೆಯೇ ಒಂದು ಮಾದರಿ ಫ್ರೀಜ್ ಮಾಡಿಸಿಡುವುದು ಸುಲಭದ ಉಪಾಯ. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು, ಜೋರು ಜ್ವರ ಬಂದರೆ ಆ ಅವಧಿಯ ಎಣಿಕೆ ಇಳಿಯಬಹುದು. ಜಿ-ಸಿಎಸ್‌ಎಫ್ ಶುರುವಾಗುವ ಮೊದಲೇ ಮಾದರಿ ಕೊಟ್ಟುಬಿಟ್ಟರೆ ಈ ಚಿಂತೆಯೇ ಇರುವುದಿಲ್ಲ. ವೃಷಣದಿಂದ ಸೂಜಿಯಲ್ಲೋ ಶಸ್ತ್ರಕ್ರಿಯೆಯಲ್ಲೋ ವೀರ್ಯಾಣು ತೆಗೆದಿದ್ದರೆ ಗಾಯ ಪೂರ್ತಿ ಮಾಗಲಿ.

ದಾನದ ನಂತರ ಚಿಕಿತ್ಸೆಗೆ ಮರಳುವುದು

ಜಿ-ಸಿಎಸ್‌ಎಫ್ ರಕ್ತದಲ್ಲಿ ಅರ್ಧಕ್ಕಿಳಿಯಲು ಮೂರೂವರೆ ಗಂಟೆ ಸಾಕು. ಬಿಳಿಕಣಗಳ ಎಣಿಕೆ ಸುಮಾರು ಒಂದು ವಾರದಲ್ಲಿ ಮಾಮೂಲಿಗೆ ಬರುತ್ತದೆ. ದಾನದಿಂದ ಮುಂದೆ ಗರ್ಭ ಧರಿಸುವ ಶಕ್ತಿ ಕುಗ್ಗಿದೆ ಎಂದು ತೋರಿಸುವ ಪುರಾವೆ ಇಲ್ಲ. ಎಣಿಕೆ ಸರಿಯಾಗಿ ಒಂದು ಮುಟ್ಟು ಆದ ಮೇಲೆ ಚಿಕಿತ್ಸೆ ಮುಂದುವರಿಸಬಹುದು. ಮಜ್ಜೆ ಕೊಟ್ಟಿದ್ದರೆ ಹಿಮೋಗ್ಲೋಬಿನ್ ಏರುವವರೆಗೆ ಕಾಯಬೇಕು. ಮೂಳೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಗುಂಪಿನ ಮಾತ್ರೆ ಪ್ಲೇಟ್‌ಲೆಟ್ ಕಡಿಮೆಯಿರುವಾಗ ಬೇಡ, ಅಂಡೋತ್ಪತ್ತಿಯನ್ನೂ ಅದು ತಡೆಯಬಲ್ಲದು.

ಇನ್ನೊಂದು ವಿಷಯವನ್ನು ಬಹಳ ಕಡೆ ಮೊದಲೇ ಹೇಳುವುದಿಲ್ಲ. ಅದೇ ರೋಗಿಗೆ ಮುಂದೆ ಲಿಂಫೋಸೈಟ್‌ಗಳೋ ಎರಡನೇ ಸಲದ ಸ್ಟೆಮ್ ಸೆಲ್ಲೋ ಬೇಕಾಗಬಹುದು, ಆಗ ಮತ್ತೆ ನಿಮ್ಮನ್ನೇ ಕೇಳುತ್ತಾರೆ. ಅದಕ್ಕೆಂದು ಭ್ರೂಣ ವರ್ಗಾವಣೆ ಮುಂದೂಡಿ ಕಾಯುತ್ತ ಕೂರಬೇಕಾಗಿಲ್ಲ. ಆ ಹೊತ್ತಿಗೆ ಗರ್ಭಿಣಿಯಾಗಿದ್ದರೆ ಆಗುವುದಿಲ್ಲ ಎಂದು ಹೇಳುವ ಹಕ್ಕು ಪೂರ್ತಿ ನಿಮ್ಮದು.

ಹೇಳುವುದು ಯಾವಾಗ, ಹೇಗೆ

ಚಿಕಿತ್ಸೆ ಶುರುಮಾಡುವ ನಿರ್ಧಾರವಾದ ದಿನವೇ ರಿಜಿಸ್ಟ್ರಿಗೆ ಒಂದು ಇಮೇಲ್ ಹಾಕಿ. ಹೆಸರು ತೆಗೆಸಬೇಡಿ, ಇಂಥ ತಿಂಗಳವರೆಗೆ ತಡೆಹಿಡಿಯಿರಿ ಎಂದು ಕೇಳಿ. ತೆಗೆಸಿದ ಹೆಸರು ವಾಪಸು ಸೇರಿಸಲು ವಯಸ್ಸಿನ ಮಿತಿ ಅಡ್ಡ ಬರಬಹುದು. ಹಾಗೆ ತಡೆಹಿಡಿದಾಗ ಹುಡುಕಾಟದಲ್ಲಿ ನಿಮ್ಮನ್ನು ನಂಬಿ ರೋಗಿಯ ವೈದ್ಯರು ಎರಡು ಮೂರು ವಾರ ಕಳೆಯುವುದು ತಪ್ಪುತ್ತದೆ.

ಹೇಳದೆ ಇದ್ದು ಕರೆ ಬಂದೇಬಿಟ್ಟರೆ, ಆ ಮೊದಲ ಫೋನಿನಲ್ಲೇ ಹೇಳಿ. ಆಗಿನ್ನೂ ಪಟ್ಟಿಯಲ್ಲಿ ಬೇರೆ ದಾನಿಗಳಿರುತ್ತಾರೆ. ದೃಢೀಕರಣದ ರಕ್ತಪರೀಕ್ಷೆಯ ಹಂತದಲ್ಲಿ ಹೇಳಿದರೂ ನಡೆಯುತ್ತದೆ. ಪೂರ್ಣ ತಪಾಸಣೆ ಮುಗಿದು ದಿನಾಂಕ ನಿಗದಿಯಾದ ಮೇಲೆ ಹೇಳಿದರೆ ಕಷ್ಟ. ಕೀಮೋ ಶುರುವಾದ ಮೇಲೆ ಹೇಳಿದರೆ ಏನಾಗುತ್ತದೆಂದು ಮೇಲೆ ನೋಡಿದ್ದೇವೆ. ಫೋನ್ ಮಾಡುವವರ ಬಳಿ ‘ಮಗುವಿಗಾಗಿ ಚಿಕಿತ್ಸೆ’ ಎಂದು ಹೇಳಲು ಹಿಂಜರಿಕೆ ಆಗುವುದು ಸಹಜ. ಸಂಯೋಜಕರ ಬದಲು ರಿಜಿಸ್ಟ್ರಿಯ ವೈದ್ಯರ ಜೊತೆಗೇ ಮಾತಾಡುತ್ತೇನೆ ಎಂದು ಕೇಳಬಹುದು. ಮ್ಯಾಚ್ ಆದವರು ಯಾರು, ಅವರು ಏಕೆ ಬೇಡವೆಂದರು ಎಂಬುದು ರೋಗಿಯ ಕಡೆಗೆ ತಿಳಿಯುವುದಿಲ್ಲ.

ಫರ್ಟಿಲಿಟಿ ಕೇಂದ್ರದಲ್ಲಿ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಆಗಿದೆ, ಮತ್ತೆ ಬೇಕೇ ಎಂದು ಕೇಳುತ್ತಾರೆ. ಬೇಕು. ದಾನಕ್ಕೆ 30 ದಿನದೊಳಗಿನ ವರದಿಯೇ ಆಗಬೇಕೆಂಬ ನಿಯಮ ಸಾಮಾನ್ಯ.

ವಯಸ್ಸು ಮೂವತ್ತೆಂಟಾಗಿದೆ, ಎಎಂಎಚ್ ಇಳಿಯುತ್ತಿದೆ, ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತಿದೆ ಎಂದಾದರೆ ಚಿಕಿತ್ಸೆಯನ್ನೇ ಆರಿಸಿಕೊಳ್ಳಿ. ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ವಿಶ್ವದಾದ್ಯಂತ ರಿಜಿಸ್ಟ್ರಿಗಳಲ್ಲಿ 4 ಕೋಟಿಗೂ ಹೆಚ್ಚು ದಾನಿಗಳಿದ್ದಾರೆ, ಹೊಂದುವ ಇನ್ನೊಬ್ಬರು ಸಿಗುವುದುಂಟು.

ರೋಗಿ ಮನೆಯವರೇ ಆಗಿದ್ದರೆ

ಅಣ್ಣನಿಗೋ ತಂಗಿಗೋ ಕೊಡಬೇಕಾದಾಗ ‘ಇನ್ನೊಬ್ಬರು ಸಿಗಬಹುದು’ ಎಂಬ ಮಾತು ಮನಸ್ಸಿಗೆ ಒಗ್ಗುವುದಿಲ್ಲ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಇಂಥಲ್ಲಿ ನಿಮ್ಮನ್ನು ಪರೀಕ್ಷಿಸುವ ವೈದ್ಯರು ರೋಗಿಯನ್ನು ನೋಡುವ ವೈದ್ಯರೇ ಆಗಿರಬಾರದು. ನಿಮ್ಮ ಪರವಾಗಿ ಯೋಚಿಸುವ ಬೇರೊಬ್ಬರನ್ನು ಕೇಳಿ ಪಡೆಯಿರಿ. ಎರಡು ದಾರಿಗಳಿವೆ. ರೋಗಿಗೆ ಮೂರು ನಾಲ್ಕು ವಾರ ಕಾಯುವ ಸ್ಥಿತಿಯಿದ್ದರೆ, ಮುಟ್ಟಿನ ಯಾವ ದಿನದಿಂದಲಾದರೂ ಅಂಡಾಶಯ ಪ್ರಚೋದಿಸುವ ಇಂಜೆಕ್ಷನ್ ಶುರುಮಾಡಿ ಎರಡು ವಾರದಲ್ಲಿ ಅಂಡಾಣು ತೆಗೆದು ಫ್ರೀಜ್ ಮಾಡಿ, ಅಂಡಾಶಯ ಇಳಿದ ಮೇಲೆ ದಾನ. ಅದಕ್ಕೂ ಕಾಲವಿಲ್ಲದಿದ್ದರೆ, ಈಗಲೇ ದಾನ ಮಾಡಿ ಆ ಸ್ಟೆಮ್ ಸೆಲ್‌ಗಳನ್ನೇ ಫ್ರೀಜ್ ಮಾಡಿಸುವುದು. 2020ರಲ್ಲಿ ಕೋವಿಡ್ ಬಂದು ಸಾಗಾಟ ನಿಂತಾಗ ಇದು ವ್ಯಾಪಕವಾಗಿ ನಡೆಯಿತು. ಹೀಗೆ ಮಾಡಿದರೆ ರೋಗಿಯ ಕೀಮೋ ಶುರುವಾಗುವಷ್ಟರಲ್ಲಿ ಕೋಶಗಳು ಕೈಯಲ್ಲಿರುತ್ತವೆ, ನೀವು ನಿಮ್ಮ ಚಿಕಿತ್ಸೆಗೆ ಹೋಗಿರುತ್ತೀರಿ.

ಮಗು ಹುಟ್ಟುವಾಗ

ಐವಿಎಫ್‌ನಿಂದ ಹುಟ್ಟುವ ಮಗುವಿನ ಹೊಕ್ಕುಳಬಳ್ಳಿ ರಕ್ತದಲ್ಲೂ ಸ್ಟೆಮ್ ಸೆಲ್‌ಗಳಿರುತ್ತವೆ, ಅದನ್ನು ಸಾರ್ವಜನಿಕ ಬ್ಯಾಂಕಿಗೆ ಕೊಡಬಹುದು. ಸ್ವಂತ ಅಂಡಾಣು, ಸ್ವಂತ ವೀರ್ಯವಾದರೆ ಬೇರೆ ಹೆರಿಗೆಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಬೇರೆಯವರ ಅಂಡಾಣು ಅಥವಾ ವೀರ್ಯ ಬಳಸಿದ್ದರೆ ಅವರ ಕುಟುಂಬದ ರಕ್ತರೋಗ, ಕ್ಯಾನ್ಸರ್, ಆನುವಂಶಿಕ ಕಾಯಿಲೆಗಳ ವಿವರ ಬ್ಯಾಂಕಿಗೆ ಬೇಕಾಗುತ್ತದೆ. ಅದು ಸಿಗದಿದ್ದರೆ ತೆಗೆದುಕೊಳ್ಳದಿರಬಹುದು. ಈ ವಿವರ ಫರ್ಟಿಲಿಟಿ ಕೇಂದ್ರದ ಕಡತದಲ್ಲಿರಬಹುದು. ಏಳನೇ ತಿಂಗಳ ಹೊತ್ತಿಗೇ ಅದರ ಪ್ರತಿ ಕೇಳಿಟ್ಟುಕೊಳ್ಳಿ. ಹೆರಿಗೆ ಕೋಣೆಯಲ್ಲಿ ಕೇಳಿದರೆ ಸಿಗುವುದಿಲ್ಲ.